ಗಾಲಿಯೂ ಬೇಕು, ಕಾಲೂ ಬೇಕು

ಹಲಸಂಗಿಯ ನಮ್ಮ ಮನೆ ಹಿಂದಿನ ತಗಡಿನ ಶೆಡ್ಡು 10 ಅಡಿ ಅಗಲ, 14 ಅಡಿ ಉದ್ದ. ಸುಗ್ಗಿ ಮುಗಿದರೆ ಅರ್ಧ ಜಾಗ ಬಿಳಿಜೋಳದ ಚೀಲಗಳಿಗೆ, ಉಳಿದರ್ಧ ನನ್ನ ರಂದಾ ಮಷೀನಿಗೆ. 7 ಅಡಿಯ ಬಾಗಿಲ ಹಲಗೆಗೆ ರಂದಾ ಹೊಡೆಯಲು ಮಷೀನಿನ ಮುಂದೆ 7 ಅಡಿ, ಹಿಂದೆ 7 ಅಡಿ ಖಾಲಿ ಬೇಕು. ಗೋಡೆ ಸರಿಯುವುದಿಲ್ಲ, ಮಷೀನೇ ಸರಿಯಬೇಕು. ಬಾಗಿಲಿಗೆ ಎದುರಾಗಿ ತಿರುಗಿಸಿಕೊಂಡರೆ ಹಲಗೆ ಅಂಗಳಕ್ಕೆ ಚಾಚಿಕೊಳ್ಳುತ್ತದೆ.

ಮೊದಲ ಸಲ ನಾಲ್ಕು ಸಣ್ಣ ಗಾಲಿ ಹಾಕಿಸಿದೆ. ಶಹಾಬಾದ್ ಫರಸಿಯ ಸಂದಿಯಲ್ಲಿ ಒಂದು ಗಾಲಿ ಸಿಕ್ಕಿಕೊಂಡು ಮಷೀನು ವಾಲಿತು, ಎದೆ ಝಲ್ಲೆಂದಿತು. ನಮ್ಮದು ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ನೆಲದ ಮೇಲೆ ಫರಸಿ ಮಟ್ಟವಾಗಿ ನಿಲ್ಲುವುದೇ ಇಲ್ಲ. ಗಾಲಿ ದೊಡ್ಡದಾದಷ್ಟೂ ಸಂದಿ ದಾಟುವುದು ಸಲೀಸು. ಭಾರದ ಲೆಕ್ಕವನ್ನೂ ನೋಡಿ: 240 ಕಿಲೋ ಮಷೀನೆಂದರೆ ಗಾಲಿಗೆ ತಲಾ 60 ಎಂದುಕೊಳ್ಳಬಾರದು. ತಗ್ಗುದಿಬ್ಬಿನಲ್ಲಿ ಒಂದು ಗಾಲಿ ನೆಲ ಮುಟ್ಟುವುದೇ ಇಲ್ಲ. ಮೂರಕ್ಕೆ ಭಾಗಿಸಿ, ಕನಿಷ್ಠ 80 ಕಿಲೋ ತಡೆಯುವ ಗಾಲಿ ತರಬೇಕು.

ಗಾಲಿ ಬದಲಿಸಿದರೂ ಕೆಲಸ ಚೊಕ್ಕ ಬರಲಿಲ್ಲ. ಬೇವಿನ ಹಲಗೆಯ ಮೇಲೆ ಬೆರಳಾಡಿಸಿದರೆ ಭೀಮೆಯ ದಂಡೆಯ ಉಸುಕಿನಂತೆ ಸಣ್ಣ ಅಲೆ. ವೆಲ್ಡಿಂಗ್ ಅಂಗಡಿಯ ಕಾಕಾ ಮಷೀನು ಚಾಲೂ ಇದ್ದಾಗ ಅದರ ಮೈಮೇಲೆ ಕೈಯಿಟ್ಟು ನೋಡಿದರು. ಗಾಲಿಯ ಮೇಲೆ ನಿಂತ ಮಷೀನು ನಡುಗುತ್ತಿತ್ತು.

"ತಮ್ಮಾ, ತೇರು ಎಳೀಲಿಕ್ಕೆ ಗಾಲಿ ಬೇಕು, ನಿಲ್ಲಸಲಿಕ್ಕೆ ಸನ್ನಿ ಬೇಕು. ನೀ ಬರೇ ಗಾಲಿ ಹಾಕಿ ಬಿಟ್ಟೀದಿ."

ವಿಜಯಪುರದ ಮಲಿಕ್-ಎ-ಮೈದಾನ್ ತೋಪು ನೆನಪಾಯಿತು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಆ ತೋಪನ್ನು 10 ಆನೆ, 400 ಎತ್ತು ಎಳೆದು ತಂದವಂತೆ. ತಂದವರು ಅದನ್ನು ಬುರುಜಿನ ಮೇಲೆ ಭದ್ರವಾಗಿ ಕೂರಿಸಿದರು.

ಕಾಕಾ ಆ್ಯಂಗಲ್ ಪಟ್ಟಿಯ ಚೌಕಟ್ಟು ಬೆಸೆದುಕೊಟ್ಟರು. ಮಷೀನು ನಿಲ್ಲುವುದು ಕಬ್ಬಿಣದ ಕಾಲಿನ ಮೇಲೆ. ಹಿಂಗಾಲಿನ ಆಚೆ ಎರಡು ಗಾಲಿ, ನೆಲಕ್ಕೂ ಅವಕ್ಕೂ ನಡುವೆ ಒಂದು ರೂಪಾಯಿ ನಾಣ್ಯ ತೂರುವಷ್ಟೇ ಸಂದು. ಮುಂದೆ ತಿರುಗುವ ಗಾಲಿಯೊಂದು, ಅದಕ್ಕೆ ಕಾಲಲ್ಲಿ ತುಳಿಯುವ ಹಿಡಿ. ತುಳಿದರೆ ಮುಂಭಾಗ ಏಳುತ್ತದೆ, ಹಿಂದಿನ ಗಾಲಿ ನೆಲ ಕಚ್ಚುತ್ತದೆ, ಒಬ್ಬನೇ ತಳ್ಳಬಹುದು. ಬಿಟ್ಟರೆ ಕಾಲು ನೆಲಕ್ಕೆ.

ತಳ್ಳುವಾಗ ಪ್ಲಗ್ ಕಿತ್ತಿಡಿ. ಕೈ ಚೌಕಟ್ಟಿನ ಮೇಲಿರಲಿ. ಬೀಡಿನ ಮೇಜನ್ನು ಹಿಡಿದು ಎತ್ತಿದರೆ ಅದರ ಮಟ್ಟ ತಪ್ಪುತ್ತದೆ, ಮತ್ತೆ ಕೂಡಿಸಲು ಒಂದಿಡೀ ದಿನ ಬೇಕು.