ಗೋಲಿನಿಂದ ಹಿಂದೆ ಸರಿದ ಹಾದಿ

ಕೆನಡಾದ ಫುಟ್ಬಾಲ್ ಆಟಗಾರ್ತಿ ಕ್ರಿಸ್ಟೀನ್ ಸಿಂಕ್ಲೇರಳ ಹೆಸರನ್ನೆತ್ತಿದೊಡನೆ 190 ಎಂಬ ಸಂಖ್ಯೆ ಬಿರುದಿನಂತೆ ಜೊತೆಗೇ ಬರುತ್ತದೆ. ದೇಶದ ಪರವಾಗಿ ಅಷ್ಟು ಗೋಲು ಗಳಿಸಿದವರು ಪುರುಷರಲ್ಲಿಯೂ ಇಲ್ಲ, ಸ್ತ್ರೀಯರಲ್ಲಿಯೂ ಇಲ್ಲ. ಆದರೆ ಈ ಸಂಖ್ಯೆಯ ಪ್ರಭೆಯಲ್ಲಿ ಆಕೆಯ ಆಟದ ನಿಜವಾದ ಗತಿ ಮರೆಯಾಗಿದೆಯೆಂದು ನನಗೆ ತೋರುತ್ತದೆ. ಗೋಲಿನ ಬಾಯಲ್ಲಿ ಆರಂಭವಾದ ಆ ಆಟ, ವರ್ಷಗಳು ಕಳೆದಂತೆ ಮೆಲ್ಲಮೆಲ್ಲನೆ ಮೈದಾನದ ನಡುವಿಗೆ ಸರಿಯುತ್ತ, ತಾನು ಹೊಡೆಯಬಹುದಾದ ಚೆಂಡನ್ನು ಇನ್ನೊಬ್ಬಳಿಗೆ ಒಪ್ಪಿಸುವಷ್ಟು ಪಕ್ವವಾಯಿತು.

1983ರಲ್ಲಿ ಬ್ರಿಟಿಷ್ ಕೊಲಂಬಿಯದ ಬರ್ನಬಿಯಲ್ಲಿ ಹುಟ್ಟಿದ ಆಕೆ ಹದಿನಾರನೆಯ ವಯಸ್ಸಿಗೇ ರಾಷ್ಟ್ರೀಯ ತಂಡದ ಅಂಗಿ ತೊಟ್ಟಳು. 2002ರಲ್ಲಿ ಎಡ್ಮಂಟನ್ನಿನ ಕಿರಿಯರ ವಿಶ್ವಸ್ಪರ್ಧೆಯಲ್ಲಿ 10 ಗೋಲು. ಅದೇ ವರ್ಷ ಕ್ಲೈವ್ ಚಾರ್ಲ್ಸರ ಶಿಷ್ಯೆಯಾಗಿ ಪೋರ್ಟ್‌ಲೆಂಡ್ ವಿಶ್ವವಿದ್ಯಾಲಯಕ್ಕೆ ಅಮೆರಿಕದ ಕಾಲೇಜು ಪ್ರಶಸ್ತಿಯನ್ನು ತಂದುಕೊಟ್ಟ ಎರಡು ಗೋಲು. 2005ರ ಒಂದೇ ಋತುವಿನಲ್ಲಿ 39. ಓಟದಲ್ಲಿ ಆಕೆಯನ್ನು ಮೀರಿಸುವವರು ಹಲವರಿದ್ದರು. ಚೆಂಡು ಎಲ್ಲಿಗೆ ಬಂದೀತೆಂಬ ಮುನ್ನರಿವು, ಬಂದುದನ್ನು ಮೊದಲ ಸ್ಪರ್ಶದಲ್ಲಿಯೇ ಪಳಗಿಸುವ ಸಂಯಮ, ಎಡಬಲಗಳ ಭೇದವರಿಯದ ಕಾಲುಗಳು, ಇವೇ ಆಕೆಯ ಬಂಡವಾಳ.

190ರಲ್ಲಿ ದುರ್ಬಲ ತಂಡಗಳ ಮೇಲೆ ಬಂದವು ಕಡಮೆಯೇನಲ್ಲವೆಂಬ ಆಕ್ಷೇಪವುಂಟು; ಅದು ನಿರಾಧಾರವೂ ಅಲ್ಲ. ಅದುವರೆಗೆ ಅಮೆರಿಕದ ಆಬಿ ವಾಂಬಾಕಳ ಹೆಸರಿನಲ್ಲಿದ್ದ ದಾಖಲೆಯನ್ನು ದಾಟಿಸಿದ ಗೋಲು 2020ರಲ್ಲಿ ಸೇಂಟ್ ಕಿಟ್ಸ್ ಮತ್ತು ನೆವಿಸ್ ಎಂಬ ಪುಟ್ಟ ದ್ವೀಪರಾಷ್ಟ್ರದ ಮೇಲೆ, 11–0ರ ಪಂದ್ಯದಲ್ಲಿ ಬಂದಿತು. ಆಕ್ಷೇಪಕ್ಕೆ ಉತ್ತರ 2012ರ ಆಗಸ್ಟ್ 6ರಂದು ಓಲ್ಡ್ ಟ್ರಾಫರ್ಡಿನಲ್ಲಿ ನಡೆದ ಒಲಿಂಪಿಕ್ ಸೆಮಿಫೈನಲಿನಲ್ಲಿದೆ. ಎದುರಾಳಿ ಬಲಿಷ್ಠ ಅಮೆರಿಕ. ಮೂರು ಸಲ ಕೆನಡಾ ಮುಂದಾಯಿತು, ಮೂರು ಸಲವೂ ಸಿಂಕ್ಲೇರಳಿಂದಲೇ. ಮೂರು ಸಲವೂ ಅಮೆರಿಕ ಸಮಗೈದಿತು. ಕೊನೆಯ ಸಲವಂತೂ, ಗೋಲ್‌ಕೀಪರ್ ಎರಿನ್ ಮೆಕ್ಲಿಯಡ್ ಚೆಂಡನ್ನು ಆರು ಸೆಕೆಂಡಿಗಿಂತ ಹೆಚ್ಚು ಹಿಡಿದಿಟ್ಟುಕೊಂಡಳೆಂದು, ಆಗ ನಿಯಮದಲ್ಲಿದ್ದರೂ ಬಳಕೆಯಲ್ಲಿ ಅತಿವಿರಳವಾಗಿದ್ದ ದಂಡವನ್ನು ರೆಫರಿ ವಿಧಿಸಲು, ಆ ಫ್ರೀ ಕಿಕ್ಕಿನ ಚೆಂಡು ಕೆನಡಾದವಳೊಬ್ಬಳ ಕೈಗೆ ತಗುಲಿ, ಪೆನಾಲ್ಟಿಯಾಗಿ, ಗೋಲಾಗಿ ಮುಗಿಯಿತು. ಹೆಚ್ಚುವರಿ ಆಟದ ಕಟ್ಟಕಡೆಯ ಗಳಿಗೆಯಲ್ಲಿ 4–3ರ ಸೋಲು. ಮೂರು ದಿನಗಳ ಮೇಲೆ ಫ್ರಾನ್ಸನ್ನು ಗೆದ್ದು ದೊರೆತ ಕಂಚು ಆ ಗಾಯಕ್ಕೆ ಮದ್ದಾಯಿತೆಂದು ನಾನು ನಂಬಲಾರೆ.

ಮದ್ದು ದೊರೆತುದು ಒಂಬತ್ತು ವರ್ಷಗಳ ಮೇಲೆ, ಟೋಕಿಯೋ ಒಲಿಂಪಿಕ್ಸಿನಲ್ಲಿ. ಆ ವೇಳೆಗಾಗಲೇ ಆಕೆ ಮುಂಚೂಣಿಯಿಂದ ಹಿಂದಕ್ಕೆ ಬಂದು, ಕಿರಿಯರಿಗೆ ಚೆಂಡನ್ನೊದಗಿಸುವ ಸ್ಥಾನದಲ್ಲಿ ಆಡುತ್ತಿದ್ದಳು. ಬ್ರೆಜಿಲ್ ವಿರುದ್ಧ ಆಕೆ ಹೊಡೆದ ಪೆನಾಲ್ಟಿ ವಿಫಲವಾಗಿತ್ತು. ಮುಂದಿನ ಪಂದ್ಯದಲ್ಲಿ ಮತ್ತೆ ಅದೇ ಅಮೆರಿಕದ ಎದುರು ಪೆನಾಲ್ಟಿ ಸಿಕ್ಕಿದಾಗ, ಚೆಂಡನ್ನೆತ್ತಿಕೊಂಡ ನಾಯಕಿ ಅದನ್ನು ಜೆಸ್ಸಿ ಫ್ಲೆಮಿಂಗಳ ಕೈಗಿತ್ತಳು. ಫ್ಲೆಮಿಂಗ್ ಗೋಲು ಹೊಡೆದಳು; ಕೆನಡಾ 1–0ರಿಂದ ಗೆದ್ದಿತು; ಸ್ವೀಡನ್ನಿನೆದುರಿನ ಅಂತಿಮ ಪಂದ್ಯದಲ್ಲಿ ಚಿನ್ನವೂ ಬಂದಿತು. ಸಿಂಕ್ಲೇರಳ ವೃತ್ತಿಜೀವನದ ಶಿಖರ ಯಾವುದೆಂದರೆ, ಓಲ್ಡ್ ಟ್ರಾಫರ್ಡಿನ ಹ್ಯಾಟ್ರಿಕ್ಕಿಗಿಂತ ಮಿಗಿಲಾಗಿ ಚೆಂಡನ್ನು ಕೈಗಿತ್ತ ಈ ಕ್ಷಣವನ್ನೇ ನಾನು ತೋರಿಸುತ್ತೇನೆ.

ಈ ವಿವೇಕ ಕೊನೆಯವರೆಗೂ ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. 2023ರ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ, ಮೆಲ್ಬರ್ನಿನಲ್ಲಿ, ನೈಜೀರಿಯದ ವಿರುದ್ಧ ದೊರೆತ ಪೆನಾಲ್ಟಿಯನ್ನು ನಲವತ್ತರ ಆಕೆಯೇ ಹೊಡೆದಳು, ಗೋಲ್‌ಕೀಪರ್ ತಡೆದಳು. ತಂಡ ಗುಂಪಿನ ಹಂತದಲ್ಲಿಯೇ ಹೊರಬಿದ್ದಿತು. ಆದರೂ ಈ ದೋಷದಲ್ಲಿ ಹೆಚ್ಚಿನ ಪಾಲು, ಎರಡು ದಶಕಗಳ ಕಾಲ ಒಬ್ಬಳ ಹೆಗಲಿಗೇ ಒರಗಿ ನಿಂತ ವ್ಯವಸ್ಥೆಯದು. ಆಕೆ ಆಡಿದಷ್ಟು ಕಾಲವೂ ಕೆನಡಾದಲ್ಲಿ ಹೆಂಗಸರಿಗೆ ವೃತ್ತಿಪರ ಲೀಗೇ ಇರಲಿಲ್ಲ; ಪೋರ್ಟ್‌ಲೆಂಡ್ ಥಾರ್ನ್ಸ್ ತಂಡದೊಡನೆ ಗೆದ್ದ ಮೂರು ಪ್ರಶಸ್ತಿಗಳೂ ನೆರೆನಾಡಿನವು.

2023ರ ಡಿಸೆಂಬರ್ 5ರಂದು ವ್ಯಾಂಕೂವರಿನ ಬಿ.ಸಿ. ಪ್ಲೇಸ್ ಕ್ರೀಡಾಂಗಣ ಆ ಒಂದು ದಿನದ ಮಟ್ಟಿಗೆ ಆಕೆಯ ಹೆಸರನ್ನು ಹೊತ್ತು, ನಲವತ್ತೆಂಟು ಸಾವಿರ ಜನರೊಡನೆ ಆಕೆಯನ್ನು ದೇಶದ ತಂಡದಿಂದ ಬೀಳ್ಕೊಟ್ಟಿತು. ಕೊನೆಗೂ ಕೆನಡಾದಲ್ಲಿ ಹೆಂಗಸರಿಗಾಗಿ ಹುಟ್ಟಿದ ವೃತ್ತಿಪರ ಲೀಗಾದ ನಾರ್ದರ್ನ್ ಸೂಪರ್ ಲೀಗಿನ ಪ್ರಪ್ರಥಮ ಪಂದ್ಯ ನಡೆದುದೂ ಅದೇ ಮೈದಾನದಲ್ಲಿ, 2025ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ ಆಕೆ ಆಟವನ್ನು ಪೂರ್ಣವಾಗಿ ಬಿಟ್ಟಿದ್ದಳು.