ಅಧ್ಯಕ್ಷರ ಮಣಿಕಟ್ಟು, ಜೀರುಂಡೆಯ ಬೆನ್ನು

ಹಳೆಯ ಅಲಾರಂ ವಾಚುಗಳ ಬಗ್ಗೆ ಬರೆಯುವವರಿಗೆ ವಲ್ಕೇನ್ ಕಂಪನಿಯ ಕ್ರಿಕೆಟ್ (ಅಂದರೆ ಜೀರುಂಡೆ) ಎಂದೊಡನೆ ಅಮೆರಿಕದ ಅಧ್ಯಕ್ಷರು ನೆನಪಾಗುತ್ತಾರೆ. ಟ್ರೂಮನ್ ಕಟ್ಟಿದ್ದರು, ಐಸೆನ್‌ಹೋವರ್ ಕಟ್ಟಿದ್ದರು, ಜಾನ್ಸನ್ನರೂ ಕಟ್ಟಿದ್ದರು. ಆಯಿತು, ಹೊಗಳಿಕೆ ಅಲ್ಲಿಗೆ ಮುಗಿಯಿತು! 1947ರ ಈ ಸ್ವಿಸ್ ಯಂತ್ರದ ಹೆಚ್ಚುಗಾರಿಕೆ ಇರುವುದು ಡಯಲ್ಲಿನಲ್ಲೂ ಅಲ್ಲ, ಕಟ್ಟಿದವರ ಪದವಿಯಲ್ಲೂ ಅಲ್ಲ, ಅದರ ಬೆನ್ನಿನಲ್ಲಿ.

ಕೈಗಡಿಯಾರದೊಳಗೆ ಅಲಾರಂ ಕೂರಿಸುವುದನ್ನು ಎಟರ್ನಾ ಕಂಪನಿ 1914ರ ಹೊತ್ತಿಗೇ ಮಾಡಿತ್ತು. ತೊಡಕಿದ್ದದ್ದು ಕೇಳಿಸುವುದರಲ್ಲಿ. ಬಿಗಿಯಾಗಿ ಮುಚ್ಚಿದ ಪುಟ್ಟ ಲೋಹದ ಡಬ್ಬಿ, ಅದರ ತಳ ಮಣಿಕಟ್ಟಿಗೆ ಒತ್ತಿಕೊಂಡಿರುತ್ತದೆ. ಸುತ್ತಿಗೆ ಎಷ್ಟು ಬಡಿದರೂ ಸದ್ದನ್ನು ಮೈಯೇ ನುಂಗುತ್ತದೆ. ವಲ್ಕೇನ್‌ನ ರಾಬರ್ಟ್ ಡಿಟಿಶೈಮ್ ಹುಡುಕಿದ ದಾರಿ ಎರಡು ಬೆನ್ನುಗಳದ್ದು. ಒಳಗಿನದು ತೆಳು ತಗಡು. ಸುತ್ತಿಗೆ ಅದಕ್ಕೆ ಕೂರಿಸಿದ ಮೊಳೆಗೆ ಬಡಿಯುತ್ತದೆ, ತಗಡು ಕಂಪಿಸುತ್ತದೆ. ಹೊರಗಿನದು ತೂತುಗಳಿರುವ ಮುಚ್ಚಳ. ಅದು ಚರ್ಮವನ್ನು ದೂರವಿಟ್ಟು ಸದ್ದನ್ನು ಹೊರಬಿಡುತ್ತದೆ. ನಡುವಿನ ಗಾಳಿಯೇ ಅನುರಣನದ ಕೋಣೆ. ಈ ವಾಚು ದಪ್ಪವೆಂದು ಮೂಗು ಮುರಿಯುವವರು ಆ ಗಾಳಿಯನ್ನೇ ದೂರುತ್ತಿದ್ದಾರೆ.

ಯಂತ್ರಕ್ಕೆ ಸ್ಪ್ರಿಂಗಿನ ಡಬ್ಬಿಯೂ ಎರಡು. ಒಂದು ಕಾಲಕ್ಕೆ, ಇನ್ನೊಂದು ಸದ್ದಿಗೆ. ಒಂದೇ ತಿರುಪನ್ನು ಮುಂದಕ್ಕೆ ತಿರುಗಿಸಿದರೆ ಒಂದಕ್ಕೆ, ಹಿಂದಕ್ಕೆ ತಿರುಗಿಸಿದರೆ ಇನ್ನೊಂದಕ್ಕೆ ಕೀ ಕೊಟ್ಟಂತಾಗುತ್ತದೆ. ಹಾಗಾಗಿ ಇಪ್ಪತ್ತು ಸೆಕೆಂಡಿಗೂ ಮೀರಿ ಕಿರುಚುವ ಅಲಾರಂ, ಮುಳ್ಳುಗಳ ಪಾಲಿನ ಶಕ್ತಿಯನ್ನು ಕದಿಯುವುದಿಲ್ಲ.

ಇಷ್ಟಾದರೂ ಸಮಯವನ್ನು ಬಡಿದು ಹೇಳುವ ದುಬಾರಿ ಮಿನಿಟ್ ರಿಪೀಟರ್ ವಾಚುಗಳ ಭಕ್ತರು ಒಪ್ಪುವುದಿಲ್ಲ. ಅವರ ಪ್ರಕಾರ ಇದು ಬರೀ ಗಲಾಟೆ, ನಾದವಲ್ಲ. ರಿಪೀಟರಿನ ಕುಸುರಿ ದೊಡ್ಡದೇ. ಗಂಟೆ, ಕಾಲುಗಂಟೆ, ನಿಮಿಷಗಳನ್ನು ಎಣಿಸಿ ಉಕ್ಕಿನ ತಂತಿಗೆ ಬಡಿಯುವಂತೆ ಹೊಂದಿಸುವ ಕೈಗೆ ನಮಸ್ಕಾರ. ಆದರೆ ಅದು ಕೇಳಿದಾಗ ಮಾತ್ರ ಹೇಳುವ ಯಂತ್ರ. ಗುಂಡಿ ಒತ್ತಿದವನು ಆಗಲೇ ಕಿವಿಗೊಟ್ಟಿರುತ್ತಾನೆ. ಅವನ ಮುಂದೆ ಇಂಪಾಗಿರುವುದು ಸುಲಭ. ಅಲಾರಮ್ಮಿನದು ಬೇರೆ ಪಾಡು. ಮರೆತವನನ್ನು, ಮಲಗಿದವನನ್ನು, ಹರಟೆಯಲ್ಲಿ ಮುಳುಗಿದವನನ್ನು ಅದು ಎಬ್ಬಿಸಬೇಕು. ಎಬ್ಬಿಸುವ ಸದ್ದನ್ನು ಇಂಪಿನ ತಕ್ಕಡಿಯಲ್ಲಿ ತೂಗುವ ವಿಮರ್ಶೆಗೆ ಬೆಲೆಪಟ್ಟಿಯೇ ಶಾಸ್ತ್ರಗ್ರಂಥವಾಗಿರಬೇಕು.

ಕೊರತೆಯೂ ಇದೆ: ಹನ್ನೆರಡು ಗಂಟೆಯ ಡಯಲ್ಲಿನಲ್ಲಿ ಅಲಾರಂ ಮುಳ್ಳನ್ನು ನಿಮಿಷಕ್ಕೆ ಸರಿಯಾಗಿ ಇಡಲಾಗದು. ಇರಲಿ, ಸದ್ದಿನಲ್ಲಿ ಕೊರತೆಯಿಲ್ಲ. 1961ರಲ್ಲಿ ಇದೇ ಕಂಪನಿ ಮುಳುಗುಗಾರರಿಗೆ ನಾಟಿಕಲ್ ಎಂಬ ವಾಚು ಮಾಡಿದಾಗ ಅದರ ಅಲಾರಂ ನೀರೊಳಗೂ ಕೇಳಿಸುತ್ತಿತ್ತು.

ಹಳೆಯ ಕ್ರಿಕೆಟ್ ಕೊಳ್ಳಲು ಹೊರಟವರು ಮೊದಲು ಅದನ್ನು ಮಗುಚಿ ನೋಡಿ. ತೂತಿನ ಮುಚ್ಚಳ ಹೋಗಿ ಬೇರೊಂದು ಸಪಾಟು ಮುಚ್ಚಳ ಬಂದಿದ್ದರೆ, ಅಧ್ಯಕ್ಷರ ಹೆಸರು ಎಷ್ಟೇ ಹೇಳಿದರೂ ದುಡ್ಡು ಕೊಡಬೇಡಿ.