ಹಮ್ರಿಯಾದಲ್ಲಿ ಕಂಡ ಕುದುರೆಮುಖ

ಸಾಕ್ಷ್ಯಚಿತ್ರ ಎಂದೊಡನೆ ನಮ್ಮಲ್ಲಿ ಹಿರಿಯರಿಗೆ ನೆನಪಾಗುವುದು ಊರಿನ ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ತೋರಿಸುತ್ತಿದ್ದ ಫಿಲ್ಮ್ಸ್ ಡಿವಿಜನ್ನಿನ ನ್ಯೂಸ್ ರೀಲು. ಅಣೆಕಟ್ಟಿನ ಗೇಟು, ಮಂತ್ರಿಗಳ ಕತ್ತರಿ, ಕಾರ್ಖಾನೆಯ ಚಿಮಣಿ, ಹಿಂದೊಂದು ಗಡಸು ಧ್ವನಿ. ಬೀಡಿ ಸೇದುವವರು ಅದು ಮುಗಿಯುವ ತನಕ ಹೊರಗೇ ನಿಂತಿರುತ್ತಿದ್ದರು. ಅಣೆಕಟ್ಟಿನ ನೀರು ಕಂಡ ನೆನಪಿದೆ. ನೀರಿನಡಿ ಹೋದ ಊರಿನವರನ್ನು ಕಂಡ ನೆನಪು ನಮಗಿಲ್ಲ.

ಆದ್ದರಿಂದ ಸರಕಾರದ ಕಂಪೆನಿಯೊಂದರ ಮೇಲೆಯೇ ಕ್ಯಾಮರಾ ತಿರುಗಿಸಿದ ಚಿತ್ರವನ್ನು ನೋಡೋಣವೆಂದು ಕಳೆದ ತಿಂಗಳ ಒಂದು ಗುರುವಾರ ರಾತ್ರಿ ಹಮ್ರಿಯಾದ ಸದಸ್ಯರೊಬ್ಬರ ಫ್ಲ್ಯಾಟಿನಲ್ಲಿ ಸುಮಾರು ಇಪ್ಪತ್ತು ಮಂದಿ ಸೇರಿದೆವು. ಸೋಫಾ ಹಿಂದಕ್ಕೆ ಸರಿಸಿ ಚಾಪೆ ಹಾಸಿದ್ದಾಯಿತು. ಚಿತ್ರ ಶೇಖರ್ ದತ್ತಾತ್ರಿಯವರು 2001ರಲ್ಲಿ ಮಾಡಿದ 'ಮೈಂಡ್‌ಲೆಸ್ ಮೈನಿಂಗ್: ದಿ ಟ್ರಾಜೆಡಿ ಆಫ್ ಕುದುರೆಮುಖ್'. ಕಾಲು ಗಂಟೆಯೂ ಇಲ್ಲ. ಮನೆಯಾಕೆ ಎರಡನೆಯ ಸುತ್ತು ಬಿಸ್ಕುಟಂಬಡೆ ತರುವಷ್ಟರಲ್ಲಿ ಮುಗಿದೇಹೋಯಿತು. ಮಾತು ಮಾತ್ರ ಹನ್ನೊಂದೂವರೆಯ ತನಕ ನಿಲ್ಲಲಿಲ್ಲ.

ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ. ಕುದುರೆಮುಖದ ಗಣಿಗೂ ನಾವಿರುವ ಈ ಸಮುದ್ರಕ್ಕೂ ಒಂದು ಹಳೆಯ ನಂಟಿದೆ. 1975ರಲ್ಲಿ ಭಾರತ ಸರಕಾರ ಇರಾನಿನ ಶಾ ಆಡಳಿತದೊಂದಿಗೆ ಒಪ್ಪಂದ ಮಾಡಿಕೊಂಡಿತು. 630 ಮಿಲಿಯನ್ ಡಾಲರ್ ಸಾಲ ಅವರದು, ಅದಿರು ನಮ್ಮದು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಹುಟ್ಟಿತು. ಬೆಟ್ಟದಿಂದ ಪಣಂಬೂರಿನ ತನಕ 67 ಕಿಲೋಮೀಟರ್ ಕೊಳವೆ ಹಾಕಿ ಅದಿರನ್ನು ನೀರಿನಲ್ಲಿ ಕಲಸಿ ಹರಿಸುವ ಏರ್ಪಾಡಾಯಿತು. ಅಷ್ಟರಲ್ಲಿ 1979ರ ಕ್ರಾಂತಿ ಬಂದು ಶಾ ಹೋದರು, ಗಿರಾಕಿಯೂ ಹೋದ. ಕಂಪೆನಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು. ಬೆಟ್ಟ ಕರಗುವುದು ನಿಲ್ಲಲಿಲ್ಲ. ವಿಚಿತ್ರವೆಂದರೆ 1987ರಲ್ಲಿ ಸರಕಾರವೇ ಆ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಗಣಿಯ ಗುತ್ತಿಗೆ 1999ರಲ್ಲಿ ಮುಗಿದ ಮೇಲೂ ತಾತ್ಕಾಲಿಕ ಪರವಾನಗಿಯ ಮೇಲೆ ಕೆಲಸ ನಡೆಯುತ್ತಲೇ ಇತ್ತು.

ಚಿತ್ರ ಹಿಡಿದು ತೋರಿಸುವುದು ಈ ಅನ್ಯಾಯವನ್ನೇ. ಶೋಲಾ ಕಾಡು, ಹುಲ್ಲಿನ ಬೆಟ್ಟ. ಅದರ ಪಕ್ಕದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಗುಡ್ಡ. ಮಳೆಗೆ ಕೊಚ್ಚಿಕೊಂಡು ಭದ್ರೆಗಿಳಿಯುವ ಮಣ್ಣು. ಅಲ್ಲಿ ವರ್ಷಕ್ಕೆ ಆರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ನಮ್ಮ ಮಸ್ಕತ್ತಿಗೆ ವರ್ಷವಿಡೀ ನೂರು ಮಿಲಿಮೀಟರ್ ಬಂದರೆ ಪುಣ್ಯ. ಕೆಂಪು ನೀರು ಪರದೆಯ ಮೇಲೆ ಹರಿಯುವಾಗ ಚಾಪೆಯ ಮೇಲಿದ್ದ ಒಂದು ಪುಟ್ಟ ಹುಡುಗಿ, "ಅಪ್ಪಾ, ಇದು ವಾದಿಯಾ?" ಎಂದು ಕೇಳಿದಳು. ಇಲ್ಲೇ ಹುಟ್ಟಿ ಬೆಳೆದ ಮಗು, ಹರಿಯುವ ನೀರೆಂದರೆ ಅವಳಿಗೆ ಮಳೆ ಬಂದ ದಿನದ ವಾದಿಯೇ. ಭದ್ರಾ ನದಿ ಎಂದು ಅಪ್ಪ ಹೇಳಿದಾಗ ನಂಬಲಿಲ್ಲ.

ಚಿತ್ರದ ಶಕ್ತಿಯಿರುವುದು ಅದರ ಮಿತಭಾಷೆಯಲ್ಲಿ ಎಂದು ನಮಗನ್ನಿಸಿತು. ಕಣ್ಣೀರು ತರಿಸುವ ಪ್ರಯತ್ನವಿಲ್ಲ, ಘೋಷಣೆಯಿಲ್ಲ. ವಕೀಲರು ಕಡತದಿಂದ ಒಂದೊಂದೇ ಕಾಗದ ತೆಗೆದು ನ್ಯಾಯಾಧೀಶರ ಮುಂದಿಡುವಂತೆ ಒಂದೊಂದೇ ದೃಶ್ಯ. ಇದು ಆಕಸ್ಮಿಕವಲ್ಲ. ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಹೋರಾಟದ ಅಂಗವಾಗಿ ತಯಾರಾದ ಚಿತ್ರವಿದು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆದ ವ್ಯಾಜ್ಯಕ್ಕೆ ಕಾಗದಪತ್ರಗಳಂತೆ ಇದೂ ಒದಗಿತು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಇಷ್ಟು ಚಿಕ್ಕ ಚಿತ್ರ ಇಷ್ಟು ದೊಡ್ಡ ಕೆಲಸಕ್ಕೆ ಹೆಗಲು ಕೊಟ್ಟದ್ದು ನಮ್ಮ ನಾಡಿನಲ್ಲಿ ಅಪರೂಪ. ಮಲೆನಾಡಿನ ಜನರ ಚಳವಳಿಯೂ ಜೊತೆಗಿತ್ತೆಂಬುದನ್ನು ಮರೆಯಬಾರದು.

ಆದರೂ ಚಪ್ಪಾಳೆ ತಟ್ಟುವಾಗ ಕೈ ಸ್ವಲ್ಪ ತಡೆಯಿತು. ಕಾರಣ ನಮ್ಮ ನಡುವೆಯೇ ಕುಳಿತಿದ್ದರು. ಒಬ್ಬ ಸದಸ್ಯರು ಬಾಲ್ಯ ಕಳೆದದ್ದು ಕುದುರೆಮುಖದ ಟೌನ್‌ಶಿಪ್ಪಿನಲ್ಲಿ. ತಂದೆಗೆ ಅಲ್ಲೇ ಉದ್ಯೋಗ. ಚಿತ್ರ ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಎಲ್ಲ ಸರಿ, ನಮ್ಮ ಶಾಲೆ ಎಲ್ಲಾದರೂ ಕಾಣುತ್ತದೋ ಎಂದು ನೋಡುತ್ತಿದ್ದೆ" ಎಂದರು. ಮನೆಯಾಕೆ, "ಗಣಿ ಮುಚ್ಚಿದ ಮೇಲೆ ಆ ಜನವೆಲ್ಲ ಎಲ್ಲಿಗೆ ಹೋದರು?" ಎಂದು ಕೇಳಿದರು. ಉತ್ತರ ಹೇಳಬೇಕಾದವರು ಅವರೇ. ಅವರು ಹಮ್ರಿಯಾದಲ್ಲಿ ಕುಳಿತಿದ್ದರು. ಗಣಿ ನಿಂತ ಮೇಲೆ ಆ ಊರು ಬಹುಪಾಲು ಬರಿದಾಯಿತು. ಗಣಿ ನಿಲ್ಲಬಾರದಿತ್ತು ಎಂದು ಅವರೂ ಹೇಳಲಿಲ್ಲ, ನಾವೂ ಹೇಳುವುದಿಲ್ಲ. ಆದರೆ ತೀರ್ಪಿನ ಬೆಲೆ ಯಾರು ತೆತ್ತರು ಎಂಬುದು ಈ ಚಿತ್ರದ ವಿಷಯವೇ ಅಲ್ಲ. ಅದರ ಅಳಲೆಲ್ಲ ಬೆಟ್ಟ, ಕಾಡು ಮತ್ತು ನದಿಗಾಗಿ.

ಕಾಡಿನೊಳಗೇ ಇದ್ದ ಮಲೆಕುಡಿಯರ ಸಂಗತಿ ಇನ್ನೂ ತೊಡಕಿನದು. ಗಣಿ ಹೋಗಬೇಕು, ಕಾಡು ಉಳಿಯಬೇಕು ಎಂಬ ಮಾತಿನ ಬೆನ್ನಿಗೇ ರಾಷ್ಟ್ರೀಯ ಉದ್ಯಾನದೊಳಗಿನ ಜನರೂ ಹೋಗಬೇಕು ಎಂಬ ಮಾತು ಬಂತು. ಒಕ್ಕಲೆಬ್ಬಿಸುವ ಭಯ ಹಬ್ಬಿತು, ಪ್ರತಿಭಟನೆಗಳಾದವು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ನಕ್ಸಲರೆಂದು ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದ ಸುದ್ದಿ ಬಂದಾಗ ಈ ಭಯದ ಕಥೆ ಹೊರಗಿನವರಿಗೂ ತಿಳಿಯಿತು. ಇದಕ್ಕೆಲ್ಲ ಚಿತ್ರವನ್ನು ಹೊಣೆ ಮಾಡುವುದು ಅನ್ಯಾಯ. ಅದು ಮೊದಲೇ ಮುಗಿದ ಚಿತ್ರ. ನಮ್ಮ ತಕರಾರು ಇಷ್ಟೇ: ಕಾಡನ್ನು ಜನರಿಲ್ಲದ ಕಾಡಾಗಿ ತೋರಿಸಿದರೆ, ನೋಡಿದವರಿಗೆ ಜನರಿಲ್ಲದ ಕಾಡೇ ಸಹಜವೆನಿಸುತ್ತದೆ. ನಾವು ನೋಡಿದ ಪ್ರತಿಯ ನಿರೂಪಣೆ ಇಂಗ್ಲಿಷಿನಲ್ಲಿತ್ತು. ದೆಹಲಿಗೆ ಅರ್ಥವಾಗಬೇಕಾದ್ದರಿಂದ ಅದು ಸರಿಯೇ. ಕಳಸದ, ಬಾಳೆಹೊನ್ನೂರಿನ ಅಜ್ಜಿಗೆ ಅವಳದೇ ನದಿಯ ಕಥೆ ಯಾರಾದರೂ ಅನುವಾದಿಸಿ ಹೇಳಬೇಕು.

ಇಲ್ಲಿ ಆನಂದ್ ಪಟವರ್ಧನರ 'ಬಾಂಬೆ: ಅವರ್ ಸಿಟಿ' ನೆನಪಾಯಿತು. ನಮ್ಮಲ್ಲಿ ಹಲವರು ಗಲ್ಫಿಗೆ ಬಂದದ್ದು ಬೊಂಬಾಯಿ ಮಾರ್ಗವಾಗಿಯೇ. ಏಜೆಂಟರ ಆಫೀಸಿನ ಬಾಗಿಲು ಕಾಯುತ್ತಾ ಆ ಫುಟ್‌ಪಾತುಗಳನ್ನು ದಾಟಿದವರು. 1985ರ ಆ ಚಿತ್ರ ಗುಡಿಸಲು ಕಳೆದುಕೊಂಡವರದು. ಅದರಲ್ಲಿ ಒಬ್ಬ ಹೆಂಗಸು ಚಿತ್ರ ತೆಗೆಯುವವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ: ಬಡವರ ಚಿತ್ರ ತೆಗೆದು ನಿಮಗೆ ಹೆಸರು, ನಮಗೇನು ಎಂಬರ್ಥದಲ್ಲಿ. ಪಟವರ್ಧನರು ಅದನ್ನು ಕತ್ತರಿಸದೆ ಉಳಿಸಿದ್ದಾರೆ. ಕೋರ್ಟಿಗೆ ಅಂಥ ದೃಶ್ಯ ಉಪಯೋಗಕ್ಕೆ ಬಾರದು, ವಾದ ಸಡಿಲವಾಗುತ್ತದೆ ಎಂದು ನಮ್ಮ ಖಜಾಂಚಿಯವರ ವಾದ. ಸಡಿಲವಾದರೂ ಇರಲಿ ಎಂದು ನಮ್ಮಲ್ಲಿ ಹೆಚ್ಚಿನವರು. ಎದುರು ಮಾತಾಡುವ ಒಬ್ಬರಿದ್ದರೆ ಚಿತ್ರದ ಉಳಿದ ಮಾತುಗಳಿಗೂ ನಂಬಿಕೆ ಬರುತ್ತದೆ. ಕುದುರೆಮುಖದ ಚಿತ್ರ ಗೆದ್ದಿತು, ಗೆಲ್ಲಲೇಬೇಕಿತ್ತು. ಟೌನ್‌ಶಿಪ್ಪಿನ ಒಬ್ಬ ಕೆಲಸಗಾರ, ಒಬ್ಬ ಮಲೆಕುಡಿಯ ಹೆಂಗಸು ಎರಡೆರಡು ನಿಮಿಷ ಮಾತಾಡಿದ್ದರೆ ಅದು ಸೋಲುತ್ತಿತ್ತೆಂದು ನಮಗೆ ತೋರುವುದಿಲ್ಲ.

ಮುಂದಿನ ಗುರುವಾರ ಅದೇ ಫ್ಲ್ಯಾಟಿನಲ್ಲಿ ಎಂಟು ಗಂಟೆಗೆ ಪಟವರ್ಧನರ ಚಿತ್ರ. ಒಂದು ಗಂಟೆಗಿಂತ ಹೆಚ್ಚಿದೆ, ಊಟ ಮುಗಿಸಿ ಬನ್ನಿ. ಟೌನ್‌ಶಿಪ್ಪಿನ ನಮ್ಮ ಸದಸ್ಯರು ತಮ್ಮ ಶಾಲೆಯ ಹಳೆಯ ಫೋಟೋಗಳನ್ನು ತರುವುದಾಗಿ ಒಪ್ಪಿದ್ದಾರೆ. ಅವನ್ನು ಮೊದಲು ನೋಡಿ, ಆಮೇಲೆ ಚಿತ್ರ ಹಾಕೋಣ.